ಪರೀಕ್ಷೆಗೆ ಬಾರದ ಒಂದು ಗಂಟೆ

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಫೋಟೋ ಬೀಳುವ ಯೋಗ ಎಲ್ಲರಿಗೂ ಕೂಡಿ ಬರುವುದಿಲ್ಲ. ಅಲ್ಲಿ ಜಾಗ ಪಡೆದವರಲ್ಲಿ ಕೆಲವರು ಗಡ್ಡ ಬಿಟ್ಟವರು, ಕೆಲವರು ಮೀಸೆ ಬಿಟ್ಟವರು, ನ್ಯೂಟನ್ನನ ಹಾಗೆ ಹೆಗಲವರೆಗೂ ಗುಂಗುರು ಕೂದಲು ಇಳಿಬಿಟ್ಟವರು ಕೆಲವರು. ತೀರಿಹೋದವರು ಮಾತ್ರ ಎಲ್ಲರೂ. ದೊಡ್ಡವರು ಗಮನಿಸದಿದ್ದರೂ ಮಕ್ಕಳು ಇದನ್ನು ಗಮನಿಸಿರುತ್ತಾರೆ. ಕೋಲಾರ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೀಮೆಸುಣ್ಣ ಸವೆಸಿದವನು ನಾನು. ಬೆಂಗಳೂರಿನ ವಿಶ್ವವಿದ್ಯಾಲಯದಿಂದ ವಿಜ್ಞಾನಿಯೊಬ್ಬರು ಬಂದು ನಿಮ್ಮ ಹತ್ತಿರ ಮಾತಾಡುತ್ತಾರೆ ಎಂದು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಬಂದ ಮೊದಲ ಪ್ರಶ್ನೆ: "ಅವರು ಇನ್ನೂ ಇದಾರಾ ಸಾ?"

ಹುಡುಗನ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಪರಮಾಣುವಿನ ಕಥೆಯನ್ನೇ ತೆಗೆದುಕೊಳ್ಳಿ. ಒಂಬತ್ತನೇ ತರಗತಿಯಲ್ಲಿ ಥಾಮ್ಸನ್ ಬರುತ್ತಾನೆ. ರುದರ್‌ಫೋರ್ಡ್ ಬಂದು ಅವನ ಮಾತನ್ನು ಸುಳ್ಳು ಮಾಡುತ್ತಾನೆ. 1913ರಲ್ಲಿ ಬೋರ್ ಬಂದು ರುದರ್‌ಫೋರ್ಡನಿಗೆ ಬಿದ್ದ ಗಂಟನ್ನು ಬಿಡಿಸುತ್ತಾನೆ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಹುಡುಕಿಕೊಡುತ್ತಾನೆ. ಅಲ್ಲಿಗೆ ಮಂಗಳ. ಆಮೇಲಿನ ತೊಂಬತ್ತು ವರ್ಷ ಭೌತವಿಜ್ಞಾನಿಗಳೆಲ್ಲ ಉಂಡು ಮಲಗಿದರೋ ಏನೋ, ಪುಸ್ತಕ ಆ ಬಗ್ಗೆ ತುಟಿ ಬಿಚ್ಚುವುದಿಲ್ಲ. ಪುಸ್ತಕವನ್ನು ದೂರಿ ಪ್ರಯೋಜನವೂ ಇಲ್ಲ. ಓಮನ ನಿಯಮ ಗೊತ್ತಿಲ್ಲದವನಿಗೆ ಕ್ವಾರ್ಕಿನ ಕಥೆ ಹೇಳುವುದು ಹೇಗೆ? ಹಳೆಯದನ್ನು ಕಲಿಸುವುದರೊಳಗೇ ಮಾರ್ಚ್ ಬಂದುಬಿಡುತ್ತದೆ.

ಮಾರ್ಚ್ ಎಂದೆ. ನಮ್ಮ ಕಡೆ ಹತ್ತನೇ ತರಗತಿಗೆ ಇರುವುದು ಒಂದೇ ಋತು, ಅದರ ಹೆಸರು ಪರೀಕ್ಷೆ. ಜೂನ್ ತಿಂಗಳಲ್ಲಿ ಹೊಸ ಪುಸ್ತಕದ ವಾಸನೆ ಆರುವ ಮುನ್ನವೇ ಯಾರಾದರೂ ಎದ್ದು ನಿಂತು "ಇದು ಪರೀಕ್ಷೆಗೆ ಬರುತ್ತಾ ಸಾ?" ಎಂದು ಕೇಳುತ್ತಾರೆ. ಬರುತ್ತದೆ ಎಂದರೆ ಪೆನ್ನು ಕೈಗೆ ಬರುತ್ತದೆ. ಬರುವುದಿಲ್ಲ ಎಂದರೆ ಅದೇ ಪೆನ್ನು ಪಕ್ಕದವನ ಬೆನ್ನು ಚುಚ್ಚಲು ಹೋಗುತ್ತದೆ. ಓದಿನಲ್ಲಿ ಹಿಂದುಳಿದವರಿಗಾಗಿ ನಾವು ಮೇಷ್ಟ್ರುಗಳೇ 'ಪಾಸಿಂಗ್ ಪ್ಯಾಕೇಜ್' ಎಂಬ ತೆಳ್ಳಗಿನ ಪುಸ್ತಿಕೆ ಸಿದ್ಧ ಮಾಡುತ್ತೇವೆ. ಇಷ್ಟು ಚಿತ್ರ ಬರೆಯಲು ಕಲಿ, ಇಷ್ಟು ವ್ಯಾಖ್ಯೆ ಬಾಯಿಪಾಠ ಮಾಡು, ಪಾಸು ಗ್ಯಾರಂಟಿ. ಪಾಪ, ಅದರಿಂದ ಎಷ್ಟೋ ಮನೆಗಳಲ್ಲಿ ದೀಪ ಉರಿದಿದೆ, ಹಗುರವಾಗಿ ಆಡಿಕೊಳ್ಳಬಾರದು. ಆದರೆ ಕಣ್ಣಿನ ಅಡ್ಡಸೀಳಿಕೆಯ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ಹುಡುಗ ಆ ಕಣ್ಣಿನಿಂದ ರಾತ್ರಿಯ ಆಕಾಶವನ್ನು ಒಮ್ಮೆಯೂ ನೆಟ್ಟಗೆ ನೋಡಿರುವುದಿಲ್ಲ. ಇಂಥ ಕಡೆ ವಿಶ್ವವಿದ್ಯಾಲಯದವರು ಬಂದು ಒಂದು ಗಂಟೆ ಇಂದಿನ ವಿಜ್ಞಾನದ ಬಗ್ಗೆ ಮಾತಾಡುತ್ತೇವೆ ಎಂದರೆ ಹೆಡ್‌ಮಾಸ್ಟರಿಗೆ ಮೊದಲು ಹುಟ್ಟುವುದು ಸಂತೋಷವಲ್ಲ, ಪೀರಿಯಡ್ಡಿನ ಲೆಕ್ಕ.

ಲೆಕ್ಕ ಹೇಗೋ ಸರಿಹೋಗಿ ಪ್ರೊಫೆಸರು ಬಂದರು ಅನ್ನಿ. ಅದಕ್ಕೊಂದು ವಿಧಿವಿಧಾನವಿದೆ. ಮೊದಲು ಮೈಕಿನವನು "ಹಲೋ, ಮೈಕ್ ಟೆಸ್ಟಿಂಗ್" ಅನ್ನಬೇಕು. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು ಪ್ರಾರ್ಥನೆ ಹಾಡಬೇಕು. ಸ್ವಾಗತ ಭಾಷಣದಲ್ಲಿ ವೇದಿಕೆಯ ಮೇಲಿರುವ ಎಲ್ಲರ ಹೆಸರೂ ಬರಬೇಕು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಹೆಸರು ಬಿಟ್ಟುಹೋದರೆ ಮುಂದಿನ ವರ್ಷ ಶಾಲೆಯ ಗೋಡೆ ಸುಣ್ಣ ಕಾಣುವುದಿಲ್ಲ. ದೀಪ ಬೆಳಗಬೇಕು, ಫ್ಯಾನು ನಿಲ್ಲಿಸದೆ ದೀಪ ಹತ್ತುವುದಿಲ್ಲ, ನಿಲ್ಲಿಸಿದರೆ ಅತಿಥಿಗಳು ಬೆವರುತ್ತಾರೆ. ಅತಿಥಿಗಳ ಪರಿಚಯ ಭಾಷಣದಲ್ಲಿ ಅವರ ಸಂಶೋಧನೆಯ ವಿಷಯ ಓದುವ ಸರದಿ ಕನ್ನಡದ ಮೇಷ್ಟ್ರಿಗೆ ಬರುತ್ತದೆ. ಅವರು 'ಸಾಂದ್ರೀಕೃತ ದ್ರವ್ಯ' ಎಂಬಲ್ಲಿ ಒಂದು ಕ್ಷಣ ನಿಂತು, ಕೆಮ್ಮಿ, ಅದನ್ನು ವೀರಗಾಸೆಯ ಗತ್ತಿನಲ್ಲಿ ಉಚ್ಚರಿಸಿ ಮುಂದೆ ಹೋಗುತ್ತಾರೆ. ಚಪ್ಪಾಳೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅಧ್ಯಕ್ಷರು "ಸಮಯದ ಅಭಾವದಿಂದ ಎರಡೇ ಮಾತು" ಎಂದು ಎದ್ದು ಅರ್ಧ ಗಂಟೆಯ ಮೇಲೆ ಕೂರುತ್ತಾರೆ. ಅಷ್ಟರಲ್ಲಿ ಬಿಸಿಯೂಟದ ಸಾರಿನ ಒಗ್ಗರಣೆ ವಾಸನೆ ಕಿಟಕಿಯಿಂದ ಒಳಗೆ ಬಂದು ಕೂತಿರುತ್ತದೆ. ಉಪನ್ಯಾಸಕ್ಕೆ ನಿಜವಾದ ಎದುರಾಳಿ ಅದೇ.

ಉಪನ್ಯಾಸ ಮಾಡುವವರಲ್ಲೂ ನಾನಾ ಬಗೆ. ಒಬ್ಬರು ಲ್ಯಾಪ್‌ಟಾಪಿನಲ್ಲಿ ತಮ್ಮ ಎಂ.ಎಸ್ಸಿ. ತರಗತಿಯ ಸ್ಲೈಡುಗಳನ್ನೇ ತಂದಿದ್ದರು. ನಮ್ಮ ಹಾಲಿನ ಕಿಟಕಿಗಳಿಗೆ ಪರದೆ ಇಲ್ಲ. ಗೋಡೆಯ ಮೇಲೆ ಸ್ಲೈಡು ಇದೆ ಎಂಬುದನ್ನು ನಂಬಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿತ್ತು. ಗೋಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅವರ ಕೈಯ ಲೇಸರ್ ಪಾಯಿಂಟರಿನ ಕೆಂಪು ಚುಕ್ಕೆ ಒಂದೇ. ಇನ್ನೂರು ಮಕ್ಕಳು ಒಂದು ಗಂಟೆ ಅದನ್ನೇ ನೋಡಿದರು. ಚುಕ್ಕೆ ಎಡಕ್ಕೆ ಹೋದರೆ ಇನ್ನೂರು ತಲೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮಕ್ಕಳ ಏಕಾಗ್ರತೆ ಕಂಡು ಪ್ರೊಫೆಸರು ಬಹಳ ಸಂತೋಷಪಟ್ಟರು. ವಾಪಸು ಹೋಗುವಾಗ ಒಬ್ಬ ಹುಡುಗ ಅವರನ್ನು ಅಡ್ಡಗಟ್ಟಿ, ಆ ಕೆಂಪು ದೀಪ ಅಷ್ಟು ದೂರ ಹೋದರೂ ಯಾಕೆ ಅಗಲ ಆಗಲ್ಲ, ನಮ್ಮ ಟಾರ್ಚು ಆಗುತ್ತಲ್ಲಾ ಎಂದು ಕೇಳಿದ. ಉಪನ್ಯಾಸದ ವಿಷಯ ಬೇರೆ ಏನೋ ಆಗಿತ್ತು. ಆದರೆ ಆ ಹೊತ್ತಿನ ಆಧುನಿಕ ವಿಜ್ಞಾನ ಆ ಪ್ರಶ್ನೆಯಲ್ಲಿಯೇ ಇತ್ತು. ಪ್ರೊಫೆಸರೂ ದೊಡ್ಡ ಮನುಷ್ಯ. ಕಾರಿನ ಬಾಗಿಲು ಹಾಕಿ, ಗೇಟಿನ ಹತ್ತಿರವೇ ನಿಂತು ವಿವರಿಸಿದರು. ಅಂದಿನ ನಿಜವಾದ ಉಪನ್ಯಾಸ ನಡೆದದ್ದು ಅಲ್ಲಿ.

ಈ ವಿಷಯದಲ್ಲಿ ಜಗತ್ತಿಗೆ ಗುರು ಎಂದರೆ ಮೈಕೆಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಿಂದ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು. ಫ್ಯಾರಡೆ ಒಬ್ಬನೇ ಹತ್ತೊಂಬತ್ತು ವರ್ಷ ಅವನ್ನು ಕೊಟ್ಟ. ಅವುಗಳಲ್ಲಿ ಹೆಸರಾದದ್ದು ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟುಕೊಂಡು ಮಾಡಿದ್ದು. ಬತ್ತಿ ಯಾಕೆ ಉರಿಯುತ್ತದೆ, ಉರಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಶುರುಮಾಡಿ ರಸಾಯನಶಾಸ್ತ್ರವನ್ನೆಲ್ಲ ಸುತ್ತಿಸಿಕೊಂಡು ಬಂದ. ನನಗೆ ಅದಕ್ಕಿಂತ ಪ್ರಿಯವಾದದ್ದು ಅವನು ವೇದಿಕೆಯ ಕೆಳಗೆ ಕೂತಿದ್ದ ಕಾಲದ ಕಥೆ. 1812ರಲ್ಲಿ ಅವನು ಪುಸ್ತಕಕ್ಕೆ ಬೈಂಡು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಬಡ ಹುಡುಗ. ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಿಂದ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋದ, ಕೇಳಿದ್ದನ್ನೆಲ್ಲ ಬರೆದುಕೊಂಡ, ಸುಮಾರು ಮುನ್ನೂರು ಪುಟ ಆಯಿತು, ತಾನೇ ಬೈಂಡು ಹಾಕಿ ಡೇವಿಗೆ ಕಳಿಸಿದ. ಮರುವರ್ಷ ಅದೇ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಮಕ್ಕಳೂ ನೋಟ್ಸಿಗೆ ಬ್ರೌನ್ ಪೇಪರಿನ ಬೈಂಡು ಹಾಕುತ್ತಾರೆ, ಲೇಬಲ್ಲು ಅಂಟಿಸುತ್ತಾರೆ, ಸ್ಕೆಚ್ ಪೆನ್ನಿನಲ್ಲಿ ಹೂವು ಬಿಡಿಸುತ್ತಾರೆ. ಒಳಗಿರುವುದು ಗೈಡಿನಿಂದ ಇಳಿಸಿದ್ದು, ಅಷ್ಟೇ ವ್ಯತ್ಯಾಸ.

ಕನ್ನಡ ನಾಡಿಗೂ ಈ ಕೆಲಸ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಅದು ಎರಡು ವರ್ಷ ನಡೆದು ನಿಂತಿತು. ಒಳ್ಳೆಯ ಕನ್ನಡ ಪತ್ರಿಕೆಗಳ ಜಾತಕವೇ ಹಾಗೆ. ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು ಸ್ವಾತಂತ್ರ್ಯಕ್ಕೂ ಮೊದಲೇ ಪ್ರಚಾರೋಪನ್ಯಾಸ ಎಂದು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿ ಬರುತ್ತಿದ್ದರು, ಆ ಮಾತುಗಳು ಆಮೇಲೆ ಪುಟ್ಟ ಪುಸ್ತಕಗಳಾಗಿ ಸಿಗುತ್ತಿದ್ದವು. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ ಈ ಕೆಲಸ ನೋಡಿಕೊಳ್ಳುವ ಪ್ರಸಾರಾಂಗಕ್ಕೆ ಬಲ ಬಂತು. ವಿಶ್ವವಿದ್ಯಾಲಯ ಎಂದರೆ ಕಾಂಪೌಂಡಿನ ಒಳಗಿರುವ ವಸ್ತುವಲ್ಲ, ಬಸ್ಸು ಹತ್ತಿ ಬರುವಂಥದ್ದು ಎಂಬ ತಿಳಿವಳಿಕೆ ಆಗಿನವರಿಗೆ ಇತ್ತು. ಪವರ್‌ಪಾಯಿಂಟ್ ಇರಲಿಲ್ಲವಾದ್ದರಿಂದ ಅವರಿಗೆ ಪರದೆ ಇಲ್ಲದ ಕಿಟಕಿಗಳ ತೊಂದರೆಯೂ ಇರಲಿಲ್ಲ.

ನಮ್ಮ ಜಿಲ್ಲೆಯವರು ಎದೆ ತಟ್ಟಿಕೊಳ್ಳಬೇಕಾದ ಹೆಸರೊಂದಿದೆ: ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹತ್ತಿರದ ಹೊಸೂರಿನವರು. ಆ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ಅವರು ಹುಟ್ಟಿದಾಗ ಕೋಲಾರಕ್ಕೇ ಸೇರಿತ್ತು, ಆದ್ದರಿಂದ ನಾವು ಬಿಟ್ಟುಕೊಡುವುದಿಲ್ಲ. ಓದುವ ಆಸೆಗೆ ಬಿದ್ದು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಹುಡುಗ ಮುಂದೆ ಅಮೆರಿಕಕ್ಕೆ ಹೋಗಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು ಬಂದರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ವಾರಕ್ಕೊಂದು ವಿಜ್ಞಾನ ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅದೇ ಖಾದಿ ಜುಬ್ಬ, ಗಾಂಧಿ ಟೋಪಿ, ಹಾಸ್ಟೆಲಿನ ಕೋಣೆ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂಬುದು ಅವರ ಹಠ. ಈ ಮಾತನ್ನು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಿದ್ದೆವು. ಮಕ್ಕಳು ಪ್ರಶ್ನೆ ಮಾಡದೆ ಒಪ್ಪಿಕೊಂಡಿದ್ದರು.

ಮಕ್ಕಳು ಬಾಯಿ ಬಿಟ್ಟು ಕೇಳಿದ್ದನ್ನು ಕಂಡದ್ದು ಒಬ್ಬ ಮೇಡಂ ಬಂದ ದಿನ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು. ಕಾರಿಲ್ಲ, ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಿಂದ ಎರಡು ಅಲ್ಯೂಮಿನಿಯಂ ಪೈಪು ತಲೆ ಹೊರಹಾಕಿದ್ದವು. ಬಂದವರೇ ಹಾರ ಬೇಡ ಎಂದುಬಿಟ್ಟರು. ಹೆಡ್‌ಮಾಸ್ಟರಿಗೆ ಸ್ವಲ್ಪ ಬೇಜಾರಾಯಿತು. ತಂದ ಹಾರವನ್ನು ಸರಸ್ವತಿಯ ಫೋಟೋಗೆ ಹಾಕಿ ಸಮಾಧಾನ ಮಾಡಿಕೊಂಡರು. ಮೇಡಂ ವೇದಿಕೆ ಹತ್ತಲೂ ಇಲ್ಲ. ಮಕ್ಕಳ ಮಧ್ಯೆ ಒಂದು ಬೆಂಚು ಎಳೆಸಿ, ಅದರ ಪಕ್ಕ ನಿಂತು, ಹೆಬ್ಬೆಟ್ಟಿನ ಗಾತ್ರದ ಒಂದು ಮ್ಯಾಗ್ನೆಟ್ಟನ್ನು ಎತ್ತಿ ತೋರಿಸಿದರು. ನಿಯೋಡಿಮಿಯಂ ಎಂಬ ಲೋಹ ಸೇರಿಸಿ ಮಾಡಿದ್ದು, 1980ರ ದಶಕದಲ್ಲಿ ಬಂದದ್ದು, ನಿಮ್ಮ ಮೊಬೈಲಿನ ಇಯರ್‌ಫೋನಿನಲ್ಲೂ ಇದರ ಚೂರು ಇದೆ ಎಂದರು. "ಇದು ಈ ಪೈಪಿಗೆ ಅಂಟುತ್ತಾ?" ಅಂಟಲಿಲ್ಲ. ಒಬ್ಬೊಬ್ಬರೇ ಒತ್ತಿ ನೋಡಿದರು, ಅಂಟಲಿಲ್ಲ.

ಆಮೇಲೆ ಪೈಪನ್ನು ನೆಟ್ಟಗೆ ಹಿಡಿದು ಒಂದು ಕಬ್ಬಿಣದ ಬೋಲ್ಟನ್ನು ಮೇಲಿಂದ ಬಿಟ್ಟರು. ಟಕ್ ಎಂದು ಕೆಳಗೆ ಬಿತ್ತು. ಅಷ್ಟೇ ತೂಕದ ಮ್ಯಾಗ್ನೆಟ್ಟನ್ನು ಬಿಟ್ಟರು. ಬೀಳಲಿಲ್ಲ. ಕೆಳಗೆ ಕೈಯೊಡ್ಡಿ ಕೂತ ಹುಡುಗ ಮೇಲೆ ನೋಡಿದ, ಮೇಡಂ ಮುಖ ನೋಡಿದ, ಮತ್ತೆ ತನ್ನ ಕೈ ನೋಡಿಕೊಂಡ. ಒಂದು ಮೀಟರ್ ಎತ್ತರದಿಂದ ಬಿಟ್ಟ ವಸ್ತು ಅರ್ಧ ಸೆಕೆಂಡಿನೊಳಗೆ ನೆಲ ಕಾಣಬೇಕು ಎಂದು ನಾನೇ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದ್ದೆ. ಇದು ನಿಧಾನಕ್ಕೆ, ಯಾರ ಹಂಗೂ ಇಲ್ಲದೆ, ಕೊನೆಗೊಮ್ಮೆ ಅವನ ಅಂಗೈಗೆ ಇಳಿಯಿತು. "ಒಳಗೆ ಅಂಟು ಹಚ್ಚವ್ರೆ," ಎಂದು ಒಬ್ಬ ತೀರ್ಪು ಕೊಟ್ಟ. "ದಾರ ಕಟ್ಟವ್ರೆ," ಎಂದ ಇನ್ನೊಬ್ಬ. ಮೇಡಂ ಪೈಪನ್ನೇ ಅವನ ಕೈಗೆ ಕೊಟ್ಟರು. ಅವನು ಒಂದು ಕಣ್ಣು ಮುಚ್ಚಿ ಮೇಲಿಂದ ಇಣುಕಿ ನೋಡಿ, "ನಡುವಲ್ಲೇ ಇಳೀತಾ ಐತೆ ಸಾ, ಗೋಡೆ ಮುಟ್ತಾನೇ ಇಲ್ಲ!" ಎಂದು ಕೂಗಿಕೊಂಡ.

ಆಗ ಸಾವಿತ್ರಿ ಎದ್ದಳು. ಅವಳ ನಿಜವಾದ ಹೆಸರು ಬೇರೆ. ತರಗತಿಯಲ್ಲಿ ಅವಳ ಧ್ವನಿ ಕೇಳಿದವರು ಕಡಿಮೆ. "ಮಿಸ್, ಮ್ಯಾಗ್ನೆಟ್ಟನ್ನ ತಲೆಕೆಳಗು ಮಾಡಿ ಬಿಟ್ರೆ ಮೇಲಕ್ಕೆ ಹೋಗುತ್ತಾ?" ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ನೀನೇ ಬಿಟ್ಟು ನೋಡಮ್ಮ," ಎಂದರು. ಬಿಟ್ಟಳು. ಆಗಲೂ ಅಷ್ಟೇ ನಿಧಾನವಾಗಿ ಕೆಳಕ್ಕೇ ಬಂತು. ಯಾವ ಕಡೆ ತಿರುಗಿಸಿದರೂ ತಡೆಯುತ್ತದೆ, ಎತ್ತುವುದಿಲ್ಲ, ಯಾಕೆ? ಮೇಡಂ ಚೀಲದಿಂದ ಎರಡನೇ ಪೈಪು ತೆಗೆದರು. ಗರಗಸದಿಂದ ಉದ್ದಕ್ಕೂ ಸೀಳಿದ್ದು. ಅದರೊಳಗೆ ಅದೇ ಮ್ಯಾಗ್ನೆಟ್ಟು ಎಷ್ಟೋ ಬೇಗ ಬಿದ್ದುಬಿಟ್ಟಿತು. ಬೀಳುವ ಮ್ಯಾಗ್ನೆಟ್ಟು ಪೈಪಿನ ಲೋಹದಲ್ಲಿ ಸುತ್ತು ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ಬರುತ್ತದೆ, ಸೀಳಿದ ಪೈಪಿನಲ್ಲಿ ಆ ಸುತ್ತು ಪೂರ್ತಿಯಾಗುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ; ಕೇಳುತ್ತಾ ಹೋದರು, ಮಕ್ಕಳೇ ತಡವರಿಸುತ್ತಾ ಅಲ್ಲಿಗೆ ಬಂದು ಸೇರಿದರು. ಲೆಂಜ್ 1834ರಲ್ಲಿ ಹೇಳಿದ ನಿಯಮ ಇದು. ಅದೇ ಮಕ್ಕಳು ಈ ನಿಯಮದ ವ್ಯಾಖ್ಯೆಯನ್ನು ನನಗೆ ಎಷ್ಟೋ ಸಲ ತಪ್ಪಿಲ್ಲದೆ ಒಪ್ಪಿಸಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಹಳೆಯ ವಿಜ್ಞಾನವೇ ಆಗುತ್ತಿತ್ತು. ಮೇಡಂ ಮುಂದೆ ಹೋದರು. ಈ ಪೈಪನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಅದ್ದಿ ತಣ್ಣಗೆ ಮಾಡಿದರೆ ಮ್ಯಾಗ್ನೆಟ್ಟು ಇನ್ನೂ ನಿಧಾನವಾಗುತ್ತದೆ, ಲೋಹದ ತಡೆ ಕಡಿಮೆಯಾಗುತ್ತದೆ. ಕೆಲವು ವಸ್ತುಗಳಲ್ಲಿ ತಡೆ ಪೂರ್ತಿ ಸೊನ್ನೆಯೇ ಆಗಿಬಿಡುತ್ತದೆ, ಅವು ಸೂಪರ್‌ಕಂಡಕ್ಟರುಗಳು. ಪಾದರಸದಲ್ಲಿ ಇದು ಮೊದಲು ಕಂಡದ್ದು 1911ರಲ್ಲಿ. 1986ರಲ್ಲಿ ಕೆಲವು ಪಿಂಗಾಣಿ ಜಾತಿಯ ವಸ್ತುಗಳಲ್ಲಿ, ಯಾರೂ ನಿರೀಕ್ಷಿಸದಷ್ಟು ಹೆಚ್ಚಿನ ಉಷ್ಣತೆಯಲ್ಲಿ ಅದು ಕಂಡಿತು. "ಅದು ಯಾಕೆ ಹಾಗೆ ಅನ್ನೋದಕ್ಕೆ ಎಲ್ಲರೂ ಒಪ್ಪೋ ಉತ್ತರ ಇನ್ನೂ ಇಲ್ಲ. ನನಗೂ ಗೊತ್ತಿಲ್ಲ. ನಾನು ಕೆಲಸ ಮಾಡ್ತಿರೋದೇ ಅದರ ಮೇಲೆ," ಎಂದರು. ಮಕ್ಕಳ ಮುಖ ನೋಡಬೇಕಿತ್ತು. ಡಾಕ್ಟರೇಟು ಮಾಡಿದವರು, ಬೆಂಗಳೂರಿನವರು, ಎಲ್ಲರ ಮುಂದೆ ನಿಂತು ಗೊತ್ತಿಲ್ಲ ಅನ್ನುತ್ತಿದ್ದಾರೆ, ಅದಕ್ಕೆ ಸರ್ಕಾರ ಸಂಬಳ ಬೇರೆ ಕೊಡುತ್ತಿದೆ! ಇಷ್ಟು ದಿನ ಅದೇ ಉತ್ತರ ಹೇಳಿ ಬೆಂಚಿನ ಮೇಲೆ ನಿಂತವರಿಗೆ ಆ ಗಳಿಗೆಯಲ್ಲಿ ದೊಡ್ಡದೊಂದು ನ್ಯಾಯ ಸಿಕ್ಕಿತು.

ಅವರು ಬರುವುದಷ್ಟೇ ಅಲ್ಲ, ನಾವು ಹೋಗುವುದೂ ಉಂಟು. ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕರೆದೊಯ್ಯುವುದೆಂದರೆ ಪೋಷಕರ ಒಪ್ಪಿಗೆ ಪತ್ರ, ಬಿಇಒ ಆಫೀಸಿನ ಅನುಮತಿ, ಬಂಗಾರಪೇಟೆಯಿಂದ ರೈಲು, ಚಿತ್ರಾನ್ನದ ಡಬ್ಬಿಗಳು, ವೈಟ್‌ಫೀಲ್ಡ್ ಬರುವುದರೊಳಗೆ ಖಾಲಿಯಾದ ಚಿತ್ರಾನ್ನದ ಡಬ್ಬಿಗಳು. ದಾರಿಯುದ್ದಕ್ಕೂ ತಲೆ ಎಣಿಸುವುದೇ ಮೇಷ್ಟ್ರ ಕೆಲಸ. ಹೋಗುವಾಗ ಒಬ್ಬ ಕಡಿಮೆ ಬಂದರೆ ಎದೆ ಧಸಕ್ ಅನ್ನುತ್ತದೆ, ಬರುವಾಗ ಒಬ್ಬ ಹೆಚ್ಚು ಬಂದರೆ ಇನ್ನೂ ಗಾಬರಿ. ಅಲ್ಲಿ ಏಸಿ ಹಾಲಿನ ಮೆತ್ತನೆ ಕುರ್ಚಿಗಳು. ಕೂತರೆ ಬಿಚ್ಚಿಕೊಳ್ಳುವ, ಎದ್ದರೆ ತಾನೇ ಮೇಲೇಳುವ ಆ ಕುರ್ಚಿಯನ್ನು ಪರೀಕ್ಷಿಸಲು ಮಕ್ಕಳು ಹತ್ತು ನಿಮಿಷ ತೆಗೆದುಕೊಂಡರು. ಅದೂ ಪ್ರಯೋಗವೇ ತಾನೆ.

ಹಾಲಿನ ಹೊರಗೆ ಒಬ್ಬ ಪಿಎಚ್.ಡಿ. ಹುಡುಗ ಮೀನು ಸಾಕುವ ಗಾಜಿನ ತೊಟ್ಟಿಯನ್ನು ತಲೆಕೆಳಗಾಗಿ ಕವುಚಿ ಇಟ್ಟಿದ್ದ. ಕೆಳಗೆ ಒಣ ಮಂಜು, ಅದರ ಮೇಲೆ ಕಪ್ಪು ತಗಡು, ತೊಟ್ಟಿಯ ನೆತ್ತಿಗೆ ಸ್ಪಿರಿಟಿನಲ್ಲಿ ತೋಯಿಸಿದ ಬಟ್ಟೆ. ಸ್ಯಾನಿಟೈಸರಿನ ವಾಸನೆ ಗಮ್ಮೆಂದು ಬರುತ್ತಿತ್ತು. ದೀಪ ಆರಿಸಿ ಪಕ್ಕದಿಂದ ಟಾರ್ಚು ಬಿಟ್ಟ. ಮೊದಲು ಏನೂ ಕಾಣಲಿಲ್ಲ. ಆಮೇಲೆ ತಗಡಿನ ಹತ್ತಿರ ತೆಳ್ಳಗಿನ ಬಿಳಿ ಗೆರೆಯೊಂದು ಸರ್ರನೆ ಮೂಡಿ ಕರಗಿತು. ಮತ್ತೊಂದು ಅಡ್ಡಲಾಗಿ ಬಂತು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಕಣಗಳು ಹಾದುಹೋದ ಗುರುತು ಇವು, ಇವುಗಳಲ್ಲಿ ಮ್ಯುಯಾನ್ ಎಂಬುವು ಬಹಳ, ಈಗ ನಿಮ್ಮ ಅಂಗೈಯೊಳಗಿಂದಲೂ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತಿವೆ ಎಂದ. ಎಲ್ಲರೂ ಅಂಗೈ ಬಿಡಿಸಿ ನೋಡಿಕೊಂಡರು. ಒಬ್ಬ ಕೈಯನ್ನು ಜೇಬಿಗೆ ಹಾಕಿಕೊಂಡ. ಅಲ್ಲಿಗೂ ಬರುತ್ತವೆ ಎಂದು ತಿಳಿದು ಮತ್ತೆ ಹೊರಗೆ ತೆಗೆದ. "ಛತ್ರಿ ಹಿಡಿದರೆ?" ಎಂದ ಇನ್ನೊಬ್ಬ.

ಮ್ಯುಯಾನಿನ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಹುಟ್ಟುವುದು ನಮ್ಮ ತಲೆಯ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ. ಬೆಳಕಿನ ವೇಗದಲ್ಲಿ ಓಡಿದರೂ ಆ ಆಯುಸ್ಸಿನಲ್ಲಿ ಅದು ಸುಮಾರು 660 ಮೀಟರ್ ಬಂದು ಸಾಯಬೇಕು. ಹಾಗಿದ್ದೂ ತೊಟ್ಟಿಯೊಳಗೆ ಬಂದು ಗೆರೆ ಎಳೆದು ಹೋಗುತ್ತಿದೆ. ವೇಗವಾಗಿ ಓಡುವವರ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಇದನ್ನೇ ಎಂದು ಆ ಪಿಎಚ್.ಡಿ. ಹುಡುಗ ವಿವರಿಸಿದ. ಸಾಪೇಕ್ಷತಾ ಸಿದ್ಧಾಂತ ಎಂದರೆ ಇಡೀ ಜಗತ್ತಿನಲ್ಲಿ ಹನ್ನೆರಡೇ ಜನಕ್ಕೆ ಅರ್ಥವಾಗುವುದು ಎಂಬ ಹಳೇ ಗಾಳಿಮಾತನ್ನು ಕೇಳಿ ಬೆಳೆದವನು ನಾನು. ಅದು ಒಂದು ಮೀನಿನ ತೊಟ್ಟಿಯಲ್ಲಿ ಕೂತಿತ್ತು.

ಆಮೇಲೆ ಹಾಲಿನೊಳಗೆ ಒಬ್ಬ ಹಿರಿಯ ಪ್ರೊಫೆಸರು ಮಾತಾಡಿದರು. "ನೀವು ಯಾವ ಕಡೆಯವರಪ್ಪಾ?" ಕೋಲಾರ ಎಂದರು ಮಕ್ಕಳು. "ಹಾಗಾದರೆ ಕೆಜಿಎಫ್ ಗೊತ್ತಲ್ಲ?" ಎಂದದ್ದೇ ತಡ, ಶಿಳ್ಳೆ, ಚಪ್ಪಾಳೆ, ಒಬ್ಬ ಶರ್ಟಿನ ಕಾಲರು ಎತ್ತಿಕೊಂಡ. 2018ರ ಸಿನಿಮಾದ ಪ್ರತಾಪ ಅದು ಎಂದು ಪ್ರೊಫೆಸರಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಗಲಾಟೆ ಇಳಿದ ಮೇಲೆ ನಿಜವಾದ ಕೆಜಿಎಫ್ ಕಥೆ ಹೇಳಿದರು. ನ್ಯೂಟ್ರಿನೋ ಎಂಬ ಕಣ ಯಾವುದಕ್ಕೂ ಸಿಕ್ಕಿಬೀಳುವುದಿಲ್ಲ, ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಮ್ಯುಯಾನುಗಳ ಗದ್ದಲ ಇಲ್ಲದ ಜಾಗ ಬೇಕು, ಎಂದರೆ ಪಾತಾಳಕ್ಕೆ ಇಳಿಯಬೇಕು. ಚಿನ್ನ ತೆಗೆಯಲು ತೋಡಿದ ಗಣಿಯಲ್ಲಿ ಅಂಥ ಪಾತಾಳ ಸಿದ್ಧವಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರಮ್‌ನವರ ಜೊತೆ ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅದನ್ನು ಜಗತ್ತಿನಲ್ಲೇ ಮೊದಲು ಪ್ರಕಟಿಸಿದವರು ಅವರು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಇನ್ನೊಂದು ತಂಡ ಹಿಡಿಯಿತು, ಅದೂ ಚಿನ್ನದ ಗಣಿಯಲ್ಲಿಯೇ.

ಮಕ್ಕಳ ಗುಂಪಿನಲ್ಲಿ ಒಬ್ಬನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಕೆಜಿಎಫ್‌ನ ಬಹುಪಾಲು ಕಾರ್ಮಿಕರ ಮನೆಗಳಂತೆ ಅವರದೂ ತಮಿಳು ಮನೆಮಾತು. ಊರಿಗೆ ಬಂದ ರಾತ್ರಿಯೇ ಹುಡುಗ ತಾತನನ್ನು ವಿಚಾರಣೆಗೆ ಕೂರಿಸಿದನಂತೆ. ಕೆಳಗೆ ಸೈಂಟಿಸ್ಟುಗಳು ಇದ್ದದ್ದು ಹೌದು, ಆ ಕಡೆ ನಮ್ಮನ್ನು ಬಿಡುತ್ತಿರಲಿಲ್ಲ, ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಆಕಾಶದಿಂದ ಬರುವುದನ್ನು ಹಿಡಿಯುತ್ತಿದ್ದೇವೆ ಅನ್ನುತ್ತಿದ್ದರು, ಆಕಾಶದ್ದನ್ನು ಹಿಡಿಯಲು ಪಾತಾಳಕ್ಕೆ ಬರುವವರಿಗೆ ತಲೆ ಸರಿಯಿಲ್ಲ ಎಂದು ನಾವು ನಗುತ್ತಿದ್ದೆವು ಎಂದರಂತೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಮನೆಯಲ್ಲಿ ಗಣಿಯ ಸುದ್ದಿ ಎಂದರೆ ಬರಬೇಕಾದ ಬಾಕಿ ಹಣದ ಸುದ್ದಿ ಮಾತ್ರ ಆಗಿತ್ತು. ತಾತ ದುಡಿದ ಜಾಗ ವಿಜ್ಞಾನದ ಚರಿತ್ರೆಯಲ್ಲಿದೆ ಎಂಬುದನ್ನು ಆ ಮನೆಗೆ ತಲುಪಿಸಲು ಒಂದು ಉಪನ್ಯಾಸ ಬೇಕಾಯಿತು.

ಉಪನ್ಯಾಸದಲ್ಲಿ ನಗು ಇರಬಾರದು ಎಂದು ನಂಬಿದ ವಿದ್ವಾಂಸರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ನಾನು ತೋರಿಸುವುದು ಸಿ.ವಿ. ವಿಶ್ವೇಶ್ವರ ಅವರನ್ನು. ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ನಿರ್ದೇಶಕರು. ತಮ್ಮ ಮಾತಿಗೆ ತಾವೇ ವ್ಯಂಗ್ಯಚಿತ್ರ ಬರೆದು ಬಳಸುತ್ತಿದ್ದರು. ಕಪ್ಪುಕುಳಿಯಂಥ ಗಂಭೀರ ವಸ್ತುವೂ ಅವರ ಕೈಯಲ್ಲಿ ಚೇಷ್ಟೆಗೆ ಸಿಗುತ್ತಿತ್ತು. ಕಪ್ಪುಕುಳಿಯನ್ನು ಕದಲಿಸಿದರೆ ಅದು ಗುಡಿಯ ಗಂಟೆಯ ಹಾಗೆ ತನ್ನದೇ ಸ್ವರದಲ್ಲಿ ಮೊಳಗಿ ಅಡಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಅವರು. ಆಗ ಕಪ್ಪುಕುಳಿ ನಿಜವಾಗಿ ಇದೆಯೇ ಎಂಬುದೇ ವಾದದಲ್ಲಿತ್ತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸೇರಿ ಒಂದಾದ ಕಂಪನವನ್ನು ಹಿಡಿದವು. ಅದರ ಕೊನೆಯಲ್ಲಿ ಇದ್ದದ್ದು ಅದೇ ಮೊಳಗು. ಆ ಸುದ್ದಿ ಹೊರಬಿದ್ದಾಗ ಅವರು ನಮ್ಮ ನಡುವೆ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಪುಸ್ತಕಕ್ಕೆ ಫೋಟೋ ಬೇಕಾದರೆ ಈಗ ಅವರದನ್ನೂ ಹಾಕಬಹುದು.

ಉಪನ್ಯಾಸದ ತಿರುಳು ಇರುವುದು ಕೊನೆಯ ಪ್ರಶ್ನೋತ್ತರದಲ್ಲಿ. "ಯಾರಿಗಾದರೂ ಪ್ರಶ್ನೆ ಇದೆಯಾ?" ಎಂದರೆ ಮೊದಲು ಮೌನ. ನಮ್ಮ ಹೆಡ್‌ಮಾಸ್ಟರು ಕಣ್ಣು ಬಿಡುತ್ತಿದ್ದರೆ ಇನ್ನೂ ಮೌನ. ಅವರು ಕಾಫಿಗೆ ಎದ್ದ ಮೇಲೆ ಕಟ್ಟೆ ಒಡೆಯುತ್ತದೆ. ನಿಮ್ಮ ಸಂಬಳ ಎಷ್ಟು? ಕಪ್ಪುಕುಳಿಯೊಳಗೆ ಬಿದ್ದರೆ ನೋವಾಗುತ್ತಾ? ನೀವೂ ಫೇಲಾಗಿದ್ದಿರಾ? ಆ ಹಿರಿಯ ಪ್ರೊಫೆಸರು ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ವಿಶ್ವದ ಲೆಕ್ಕ ಒಪ್ಪಿಸಿದರು. ವಿಶ್ವದಲ್ಲಿ ಇರುವುದನ್ನೆಲ್ಲ ನೂರು ಪಾಲು ಮಾಡಿದರೆ ಅರುವತ್ತೆಂಟು ಪಾಲು ಡಾರ್ಕ್ ಎನರ್ಜಿ, ಇಪ್ಪತ್ತೇಳು ಪಾಲು ಡಾರ್ಕ್ ಮ್ಯಾಟರ್, ಅವು ಏನೆಂದು ತಿಳಿಯದು. ನಮಗೆ ಪರಿಚಯ ಇರುವ ಪರಮಾಣುಗಳ ಪಾಲು ಬರೀ ಐದು. ಮೂರನೇ ಸಾಲಿನಲ್ಲಿದ್ದ ಒಬ್ಬ ಎದ್ದು ನಿಂತ. ಅವನು ಪಾಸಿಂಗ್ ಪ್ಯಾಕೇಜಿನ ಗಿರಾಕಿ. "ನೂರಕ್ಕೆ ಐದು ಅಂದ್ರೆ ನೀವೂ ಫೇಲೇ ಅಲ್ವಾ ಸಾ?" ಹಾಲು ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡು, "ಹೌದಪ್ಪಾ, ನಾವೆಲ್ಲ ಫೇಲೇ. ಮೂವತ್ತು ವರ್ಷದಿಂದ ಅದೇ ಕ್ಲಾಸಿನಲ್ಲಿ ಕೂತಿದ್ದೇನೆ. ನೀನೂ ಬಾ," ಎಂದರು. ವಾಪಸು ಬರುವ ರೈಲಿನಲ್ಲಿ ಆ ಹುಡುಗನ ನಡಿಗೆಯೇ ಬೇರೆಯಾಗಿತ್ತು.

ಇಷ್ಟಾದ ಮೇಲೆ ಇಲಾಖೆಗೆ ವರದಿ ಹೋಗಬೇಕು. ಫೋಟೋ, ದಿನಾಂಕ, ಹಾಜರಾದವರ ಸಂಖ್ಯೆ, ಕೊನೆಯಲ್ಲಿ 'ವಿದ್ಯಾರ್ಥಿಗಳ ಮೇಲಾದ ಪರಿಣಾಮ' ಎಂಬ ಒಂದು ಅಂಕಣ. ಅದನ್ನು ತುಂಬಲು ಮಕ್ಕಳಿಂದಲೇ ಬರೆಸಿದೆ. ಒಬ್ಬಳು ಕ್ಯಾಂಟೀನಿನ ವಡೆಯ ಬಗ್ಗೆ ಒಂದು ಪುಟ ಬರೆದಳು. ಕುರ್ಚಿಯ ಬಗ್ಗೆ ಬರೆದವರು ಹಲವರು. ಒಬ್ಬ, ವಿಜ್ಞಾನಿಗಳಿಗೂ ಬೊಕ್ಕತಲೆ ಇರುತ್ತದೆ, ಅವರೂ ಚಹಾ ಕುಡಿಯುತ್ತಾರೆ ಎಂದು ಬರೆದು ಅಡಿಗೆರೆ ಎಳೆದಿದ್ದ. ಇದರಿಂದ ವಿಜ್ಞಾನದ ಅಂಕ ಏರಿತೇ ಎಂದರೆ, ಏರಲಿಲ್ಲ. ಆ ಮಕ್ಕಳಲ್ಲಿ ಯಾರೂ ನೊಬೆಲ್ ಬಹುಮಾನದ ದಾರಿಯಲ್ಲಿಲ್ಲ. ಒಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋದರೆ ಹಳೇ ಸ್ಪೀಕರಿನ ಮ್ಯಾಗ್ನೆಟ್ಟು ತೆಗೆದು ತೋರಿಸದೆ ಬಿಡುವುದಿಲ್ಲ. ಸಾವಿತ್ರಿ ನರ್ಸ್ ಆಗಿದ್ದಾಳೆ. ಎಂಆರ್‌ಐ ಯಂತ್ರದೊಳಗೆ ಸೂಪರ್‌ಕಂಡಕ್ಟರ್ ಇದೆ ಎಂದು ಗೊತ್ತಿದ್ದು ಅದರ ಪಕ್ಕ ನಿಲ್ಲುತ್ತಾಳೆ. ಫೇಲೇ ಅಲ್ವಾ ಎಂದವನು ಪಾಸಾದ. ಮೂವತ್ತೈದೇ ಬಂತು, ವಿಶ್ವಕ್ಕಿಂತ ಮೂವತ್ತು ಹೆಚ್ಚು.

ನನ್ನ ತೀರ್ಪು ಇಷ್ಟೇ. ಪುಸ್ತಕ ಮಕ್ಕಳಿಗೆ ಗೊತ್ತಿರುವ ವಿಜ್ಞಾನವನ್ನು ಕೊಡುತ್ತದೆ, ಕೊಡಲೇಬೇಕು; ಗೊತ್ತಿಲ್ಲದ ವಿಜ್ಞಾನವನ್ನು ಕೊಡಲು ಅದರ ಜೊತೆ ದಿನವೂ ಗುದ್ದಾಡುವ ಮನುಷ್ಯರೇ ಎದುರಿಗೆ ಬಂದು ನಿಲ್ಲಬೇಕು. ಅದನ್ನು ವಿಡಿಯೋ ಮಾಡಿ ಕಳಿಸಿದರೆ ಸಾಲದು. ವಿಡಿಯೋವನ್ನು ಗೇಟಿನ ಹತ್ತಿರ ಅಡ್ಡಗಟ್ಟಿ ಪ್ರಶ್ನೆ ಕೇಳಲಾಗುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯದ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ದೊಡ್ಡ ಶಾಲೆಗಳಿಗೆ ಕರೆಯದಿದ್ದರೂ ಜನ ಬರುತ್ತಾರೆ, ನೀವು ಬಸ್ಸು ಕೊನೆಯಾಗುವ ಕಡೆಯ ಶಾಲೆಗೆ ಬನ್ನಿ. ಕೈಯಲ್ಲಿ ಮುಟ್ಟಿ ನೋಡುವಂಥದ್ದು ಏನಾದರೂ ಇರಲಿ. ಕನ್ನಡದಲ್ಲಿ ಮಾತಾಡಿ, ಇಂಗ್ಲಿಷ್ ಪದ ನಡುವೆ ಬಂದರೆ ಬರಲಿ, ಮಕ್ಕಳು ಅದಕ್ಕೆ ಹೆದರುವುದಿಲ್ಲ. ನಿಮ್ಮ ಹೊತ್ತಿನ ಅರ್ಧವನ್ನು ಪ್ರಶ್ನೆಗೆ ಬಿಡಿ, ಹೆಡ್‌ಮಾಸ್ಟರನ್ನು ಕಾಫಿಗೆ ಕಳಿಸುವ ಹೊಣೆ ವಿಜ್ಞಾನದ ಮೇಷ್ಟ್ರದ್ದು. ಶನಿವಾರ ಬೆಳಗಿನ ಶಾಲೆ ಇರುತ್ತದೆ, ಅದು ಅನುಕೂಲ. ಬರುವುದಿದ್ದರೆ ಜೂನ್‌ನಿಂದ ಡಿಸೆಂಬರ್ ಒಳಗೆ ಬನ್ನಿ; ಜನವರಿ ಆದ ಮೇಲೆ ಪ್ರಿಪರೇಟರಿ ಪರೀಕ್ಷೆಗಳು ಶುರುವಾಗುತ್ತವೆ, ಆಗ ಐನ್‌ಸ್ಟೈನೇ ಬಂದರೂ ಪೀರಿಯಡ್ಡು ಸಿಗುವುದಿಲ್ಲ.